ಔಟಾಗದ ಕುರ್ಚಿ

ನಮ್ಮ ಚೆಂಡಿಗೆ ಬಾಯಿಲ್ಲ, ಆದರೆ ಅದರಿಂದ ಯಾವ ಗುಟ್ಟನ್ನೂ ಮುಚ್ಚಿಡಲಾಗುವುದಿಲ್ಲ. ನೋಡಲು ತೆಂಗಿನಕಾಯಿ ಗಾತ್ರದ್ದು, ಮೇಲೆ ಬಟ್ಟೆಯ ಹೊದಿಕೆ, ಮುಟ್ಟಿದರೆ ಮೆತ್ತಗಿರುತ್ತದೆ. ಕೈಗೆ ಬಂದೊಡನೆ ಒಳಗಿನ ದೀಪ ಹೊತ್ತಿಕೊಳ್ಳುತ್ತದೆ. ಕೆಂಪಾದರೆ ಎಡಗಡೆಯವರಿಗೆ ಎಸೆಯಬೇಕು, ಹಸಿರಾದರೆ ಎದುರು ಕೂತವರಿಗೆ. ಹಳದಿಯಾದರೆ ಒಂದು ಊರಿನ ಹೆಸರು ಹೇಳಿ, ಕಾಲ ಕೆಳಗಿನ ಹಲಗೆಯನ್ನು ಒತ್ತಿ, ಆಮೇಲೆ ಇಷ್ಟ ಬಂದವರಿಗೆ. ಎಲ್ಲವೂ ಕುರ್ಚಿಯಲ್ಲಿ ಕೂತೇ. ದೀಪ ಹೊತ್ತಿದ ಕ್ಷಣಕ್ಕೂ ಕೈ ಅಲುಗಿದ ಕ್ಷಣಕ್ಕೂ ನಡುವೆ ಒಂದು ಚೂರು ಹೊತ್ತು ಹೋಗುತ್ತದಲ್ಲ, ಅದಕ್ಕೆ ನಾವು 'ತಡ' ಎನ್ನುತ್ತೇವೆ. ಮರೆವಿನ ಕಾಯಿಲೆ ಮನೆಯವರ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಈ ತಡದಲ್ಲಿ ಬಂದು ಕೂತಿರುತ್ತದೆ.

ನಾನು ಇಂಚರ. ತುಮಕೂರಿನ ಶಿರಾ ಗೇಟ್ ಹತ್ತಿರ ಇರುವ ನಮ್ಮ ಕೂತಾಟದ ಮನೆಯಲ್ಲಿ ಕೆಳಗಿನ ಮಹಡಿ ಪೂರ್ತಿ ಹಿರಿಯರದು, ಮೇಲಿನ ಕಂಟ್ರೋಲ್ ರೂಮು ನನ್ನದು. ಅಜ್ಜಿಯರ ಹೆಸರು ಶಿಲ್ಪಾ, ಅಶ್ವಿನಿ ಎಂದೆಲ್ಲ ಇರುವ ಕಾಲ ಇದು. ಅವರು ಎಂಟೆಂಟು ಜನರ ಬಳಗ ಕಟ್ಟಿಕೊಂಡು ಬೆಳಗ್ಗೆ ತಿಂಡಿ ಮುಗಿಸಿ ಬಂದು ಕೂತರೆ ಮಧ್ಯಾಹ್ನದವರೆಗೂ ಗದ್ದಲ. ಅವರ ತಡವೆಲ್ಲ ನನ್ನ ಗೋಡೆಯ ಮೇಲೆ ಗೆರೆಗಳಾಗಿ ಹರಿಯುತ್ತಿರುತ್ತದೆ. ತಡ ಹೆಚ್ಚಿದಷ್ಟೂ ಗೆರೆ ಕೆಳಗಿಳಿಯುತ್ತದೆ.

ಒಬ್ಬರ ತಡವನ್ನು ಅವರ ಬಳಗದ ಜೊತೆಯೇ ಹೋಲಿಸಬೇಕು ಎಂಬ ಉಪಾಯ ನನ್ನದೇ. ಏಕೆಂದರೆ ಹಬ್ಬದ ಮಾರನೇ ದಿನ ಹೋಳಿಗೆಯ ಭಾರಕ್ಕೆ ಇಡೀ ಬಳಗ ತೂಕಡಿಸುತ್ತದೆ, ಮೋಡ ಕವಿದ ದಿನ ಎಲ್ಲರ ಕೈಯೂ ಸೋಮಾರಿ. ಹಾಗಾಗಿ ಎಲ್ಲರೂ ಕುಸಿದರೆ ಚಿಂತೆಯಿಲ್ಲ, ಒಬ್ಬರೇ ಕುಸಿದರೆ ಚಿಂತೆ. ಆರಂಭೋತ್ಸವದ ದಿನ ಮೈಕ್ ಹಿಡಿದುಕೊಂಡು ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದ್ದೆ. ಭಾಷಣ ಮಾಡುವುದೆಂದರೆ ನನಗೆ ತುಸು ಇಷ್ಟ.

ಒಬ್ಬರೇ ಕುಸಿದವರನ್ನು ವಿಶೇಷ ಗಮನ ವಿಭಾಗಕ್ಕೆ ಕಳಿಸುತ್ತೇವೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ, ಒಂದು ಪರದೆ, ಅವರಿಗೆಂದೇ ಅಳೆದು ಹೊಲಿದಂಥ ವ್ಯಾಯಾಮ. ಹಿರಿಯರು ಮಾತ್ರ ಅದನ್ನು 'ಒಂಟಿ ಕೋಣೆ' ಎಂದೇ ಕರೆಯುತ್ತಾರೆ. ಹೋದ ವರ್ಷ ಎಂಟನೇ ಬಳಗದ ಶಿಲ್ಪಾ ಎಂಬವರನ್ನು ಅಲ್ಲಿಗೆ ಕಳಿಸಿದೆವು. ಅವರ ಅಂಕಗಳು ಮೊದಮೊದಲು ಏರಿದವು. ಮಾತು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗಿ, ಕೊನೆಗೆ ಅವರು ಬರುವುದನ್ನೇ ಬಿಟ್ಟರು. ಬಳಗದಲ್ಲಿ ಅವರ ಕುರ್ಚಿಗೆ ಬೇರೊಬ್ಬರು ಬಂದರು.

ಆ ಎಂಟನೇ ಬಳಗದಲ್ಲಿ ನಮ್ಮ ಅತ್ತೆಯೂ ಇದ್ದಾರೆ.

ಅತ್ತೆಯ ಹೆಸರು ಚೈತ್ರಾ. ಒಂದು ಕಾಲದಲ್ಲಿ ಅಶೋಕ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಅವರದೊಂದು ಬ್ಯೂಟಿ ಪಾರ್ಲರ್ ಇತ್ತು. ಊರಿನ ಅರ್ಧ ಮದುಮಕ್ಕಳ ಹುಬ್ಬು ತಿದ್ದಿದ್ದು ಅವರೇ. ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬೆರಳಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನನ್ನ ಮದುವೆಯ ದಿನ ನನ್ನ ಹುಬ್ಬನ್ನೂ ಅವರೇ ತಿದ್ದಿದ್ದು. ಬೀಗರ ಮನೆಯವರೆಲ್ಲ ನೋಡುತ್ತಿದ್ದಂತೆಯೇ ನನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ, "ಇಂಥ ಕಾಡು ಇಟ್ಕೊಂಡು ನನ್ನ ಸೊಸೆ ಆಗೋಕ್ ಬಂದಿದೀಯಾ?" ಎಂದಿದ್ದರು. ಅವತ್ತಿನಿಂದ ನನಗೆ ಅವರೆಂದರೆ ಪ್ರಾಣ.

ಯುಗಾದಿಯ ನಂತರದ ಒಂದು ಭಾನುವಾರ ನನ್ನ ಗಂಡ ಧ್ರುವ ಬಟ್ಟೆಯ ಬೀರು ತೆರೆದು ನನ್ನನ್ನು ಕರೆದ. ಒಗೆದ ಬಟ್ಟೆಗಳನ್ನು ಅಂದವಾಗಿ ಮಡಿಸಿ ಜೋಡಿಸಿಟ್ಟಿತ್ತು. ಎಲ್ಲವೂ ಒದ್ದೆ. ಕೆಳಗಿನ ಅರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮ ಮಷೀನಿಂದ ತೆಗೆದು ನೇರವಾಗಿ ಇಲ್ಲಿ ಇಟ್ಟಿದಾರೆ," ಅಂದ. "ಮೊನ್ನೆ ನನ್ನನ್ನ ಅಪ್ಪನ ಹೆಸರು ಹಿಡಿದು ಕರೆದ್ರು. ಇಂಚರಾ, ನನಗ್ಯಾಕೋ ಭಯ ಆಗ್ತಿದೆ."

"ಸುಮ್ನಿರು," ಎಂದೆ. "ದಿನಾ ಅವರ ಗೆರೆ ನೋಡ್ತೀನಿ ನಾನು. ಬಳಗದ ಜೊತೆ ಸರಿಸಮ ಓಡ್ತಿದೆ. ನಿನಗಿಂತ ಚುರುಕಾಗಿದಾರೆ ಅವರು."

"ಗೆರೆಗೆ ಬಟ್ಟೆ ಒಣಗಿಸೋಕ್ ಬರುತ್ತಾ?" ಎಂದು ಕೇಳಿ ಅವನು ಬಕೆಟ್ ತರಲು ಹೋದ. ನನಗೆ ಸಿಟ್ಟು ಬಂತು. ನನ್ನ ಯಂತ್ರದ ಮೇಲೆ ಯಾರು ಅನುಮಾನ ಪಟ್ಟರೂ ನನಗೆ ಹಾಗೆಯೇ ಆಗುತ್ತದೆ.

ಅತ್ತೆ ಹಜಾರದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಆಟ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದೆ.

"ಆಟವೇನೋ ಚೆನ್ನಾಗೇ ಇದೆ ಕಣೇ," ಎಂದು ದನಿ ತಗ್ಗಿಸಿದರು. "ಪಾಪ, ನಮ್ಮ ಬಳಗದ ನಸೀಮಾಗೇ ಇತ್ತೀಚೆಗೆ ಕೈ ಓಡಲ್ಲ. ಲೋಹಿತ್ತೂ ಅಷ್ಟೇ. ಎಲ್ಲರಿಗೂ ವಯಸ್ಸಾಗ್ತಾ ಬಂತು. ಅವರಿಗೆ ಬೇಜಾರಾಗಬಾರದು ಅಂತ ನಾನೂ ನಿಧಾನಕ್ಕೇ ಎಸೀತೀನಿ. ನೀನು ಮೇಲೆ ಕೂತ್ಕೊಂಡು ಅವರನ್ನ ಒಂಟಿ ಕೋಣೆಗೆ ಗಿಂಟಿ ಕೋಣೆಗೆ ಹಾಕ್ಬಿಟ್ಟೀಯ, ಹುಷಾರು."

"ಇಲ್ಲ ಅತ್ತೆ," ಎಂದೆ. ಬಟಾಣಿಯ ಸಿಪ್ಪೆಯೆಲ್ಲ ಪಾತ್ರೆಯಲ್ಲಿತ್ತು, ಕಾಳು ಕಸದ ಮೊರದಲ್ಲಿ. ಅದನ್ನು ನೋಡಿಯೂ ನೋಡದವಳ ಹಾಗೆ ಅದಲುಬದಲು ಮಾಡಿ ಎದ್ದುಹೋದೆ.

ಆ ವಾರದಲ್ಲೇ ಕಂಟ್ರೋಲ್ ರೂಮಿನಲ್ಲಿ ಯಾವತ್ತೂ ಕೇಳದಿದ್ದ ಒಂದು ಗಂಟೆ ಹೊಡೆದುಕೊಂಡಿತು. ಒಬ್ಬರು ಕುಸಿದರೆ ಬರುವ ಟಿಣ್ ಎನ್ನುವ ಸದ್ದು ಅದಲ್ಲ. ಇಡೀ ಬಳಗ ತನ್ನದೇ ಹಳೆಯ ಮಟ್ಟಕ್ಕಿಂತ ತೀರಾ ಕೆಳಗಿಳಿದರೆ ಮಾತ್ರ ಬರುವಂಥದ್ದು. ಗೋಡೆಯ ಮೇಲೆ ಎಂಟನೇ ಬಳಗದ ಎಂಟೂ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯುತ್ತಿದ್ದವು. ಪಕ್ಕದ ಬಳಗಗಳೆಲ್ಲ ಎಂದಿನಂತೆಯೇ ಇದ್ದವು.

ನಮ್ಮ ಮುಖ್ಯಸ್ಥ ಡಾಕ್ಟರ್ ನಿಶ್ಚಲ್ ಓಡಿಬಂದರು. ಸಣ್ಣ ಆಳು, ಗಾಬರಿಯಾದರೆ ಕನ್ನಡಕ ಒರೆಸುತ್ತಲೇ ಇರುತ್ತಾರೆ.

"ಎಂಟು ಜನರಿಗೂ ಒಟ್ಟಿಗೇ ಮರೆವು ಬರೋದು ಸಾಧ್ಯವಿಲ್ಲ ಇಂಚರಾ. ಗಾಳಿಯಲ್ಲಿ ಏನೋ ಇದೆ. ಇಲ್ಲಾ ನೀರಲ್ಲಿ."

ಗಾಳಿ ಪರೀಕ್ಷೆ ಮಾಡಿಸಿದೆವು. ನೀರು ಪರೀಕ್ಷೆ ಮಾಡಿಸಿದೆವು. ಅವರು ಹನ್ನೊಂದು ಗಂಟೆಗೆ ತಿನ್ನುವ ಗೋಡಂಬಿ ಬಿಸ್ಕತ್ತನ್ನೂ ಬಿಡಲಿಲ್ಲ. ಎಲ್ಲವೂ ಶುದ್ಧ. ಕೊನೆಗೆ ಎಂಟು ಜನರನ್ನೂ ಒಬ್ಬೊಬ್ಬರಾಗಿ ಕರೆದು, ಅದೇ ಚೆಂಡು ಕೊಟ್ಟು, ಯಂತ್ರದ ಕೈಯೊಂದಿಗೆ ಆಡಿಸಿದೆವು.

ಫಲಿತಾಂಶ ನೋಡಿ ನಿಶ್ಚಲ್ ಕನ್ನಡಕ ಒರೆಸುವುದನ್ನೂ ಮರೆತರು. ಏಳು ಜನ ಹೋದ ವರ್ಷಕ್ಕಿಂತ ಚುರುಕಾಗಿದ್ದರು. ಸುಮ್ಮನೆ ಚುರುಕಲ್ಲ, ಆ ವಯಸ್ಸಿನಲ್ಲಿ ನಾವು ಯಾವತ್ತೂ ಕಾಣದಷ್ಟು ಚುರುಕು. ಎಂಟನೆಯವರು ಮಾತ್ರ ಎಷ್ಟು ಕೆಳಗಿದ್ದರೆಂದರೆ, ತಿಂಗಳುಗಳ ಹಿಂದೆಯೇ ಟಿಣ್ ಎನ್ನಬೇಕಿತ್ತು.

ಹೆಸರು ಓದಿಕೊಳ್ಳುವ ಅಗತ್ಯ ನನಗಿರಲಿಲ್ಲ. ಒದ್ದೆ ಬಟ್ಟೆ, ಬಟಾಣಿ ಸಿಪ್ಪೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. ನನ್ನ ಮನೆಯಲ್ಲೇ ನಡೆಯುತ್ತಿದ್ದದ್ದನ್ನು ನನ್ನ ಚೆಂಡು ನನಗೇಕೆ ಹೇಳಲಿಲ್ಲ?

"ನಿಯಮ ಗೊತ್ತಲ್ಲ," ಎಂದು ನಿಶ್ಚಲ್ ಮೆಲ್ಲಗೆ ಹೇಳಿದರು. "ಸೋಮವಾರದಿಂದ ಅವರನ್ನ ವಿಶೇಷ ಗಮನಕ್ಕೆ... ನಿಮಗೆ ಕಷ್ಟ ಅಂತ ಗೊತ್ತು."

"ಮೊದಲು ಉಳಿದ ಏಳು ಜನರದ್ದು ಏನು ಅಂತ ತಿಳೀಬೇಕು ಸರ್. ಒಂಟಿಯಾಗಿ ಚುರುಕು, ಒಟ್ಟಿಗೆ ಮಂಕು. ಯಾಕೆ?"

ಮರುದಿನ ಅವರಲ್ಲೊಬ್ಬರು ಜ್ವರ ಬಂದು ರಜೆ ಹಾಕಿದ್ದರು. ಆ ಖಾಲಿ ಕುರ್ಚಿಯಲ್ಲಿ ನಾನೇ ಹೋಗಿ ಕೂತೆ. ನನ್ನ ಎಡಕ್ಕೆ ನಸೀಮಾ ಟೀಚರ್, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು, ಅತ್ತೆಯ ಬಾಲ್ಯದ ಗೆಳತಿ. ಬಲಕ್ಕೆ ಲೋಹಿತ್, ಆಯುಷ್ಯವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಅತ್ತೆ ಎದುರಿಗೆ. ನನ್ನನ್ನು ನೋಡಿ ಅತ್ತೆಗೆ ಖುಷಿಯೋ ಖುಷಿ, "ನಮ್ ಸೊಸೆ, ನಮ್ ಸೊಸೆ" ಎಂದು ಎಲ್ಲರಿಗೂ ಪರಿಚಯಿಸಿದರು. ಅವರೆಲ್ಲ ನನ್ನನ್ನು ವರ್ಷಗಳಿಂದ ಬಲ್ಲವರು. ಆದರೂ ಈಗಷ್ಟೇ ಕಂಡವರ ಹಾಗೆ ಒಬ್ಬೊಬ್ಬರೂ ನಮಸ್ಕಾರ ಮಾಡಿದರು.

ಆಟ ಶುರುವಾಯಿತು. ಚೆಂಡು ನನ್ನ ಕೈಗೆ ಬಂದು ಕೆಂಪಾಯಿತು. ಪಟ್ಟನೆ ಎಡಕ್ಕೆ ಎಸೆದೆ. ಇನ್ನೊಮ್ಮೆ ಬಂತು, ಹಳದಿ, "ಗುಬ್ಬಿ" ಎಂದು ಹಲಗೆ ಒತ್ತಿ ಚಟ್ಟನೆ ಎಸೆದೆ. ನನ್ನ ಚುರುಕಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿರುವಾಗ ನೋಡಿದರೆ, ಆರು ಜೊತೆ ಕಣ್ಣು ನನ್ನನ್ನು ಸುಡುತ್ತಿದ್ದವು.

ನಸೀಮಾ ಟೀಚರ್ ನನ್ನ ಕಡೆ ಬಾಗಿದರು. "ಸ್ವಲ್ಪ ನಿಧಾನ ಕಣಮ್ಮಾ," ಎಂದು ಪಿಸುಗುಟ್ಟಿದರು. "ನೀನು ಹಿಂಗೆ ಓಡಿದ್ರೆ ಅವಳು ಹಿಂದೆ ಬಿದ್ದುಬಿಡ್ತಾಳೆ."

ಆಗ ಕಂಡಿತು. ಲೋಹಿತ್ ಕುರ್ಚಿಯ ಕೈಯ ಮೇಲೆ ಒಂದು ಬೆರಳಿನಿಂದ ಸಣ್ಣಗೆ ತಟ್ಟುತ್ತಿದ್ದರು. ಅತ್ತೆಯ ಕೈಗೆ ಚೆಂಡು ಬಂದಾಗ, ದೀಪ ಹೊತ್ತಿ ಅತ್ತೆ ಯೋಚಿಸಿ ಕೈ ಎತ್ತುವವರೆಗೆ ಆ ಬೆರಳು ಎಷ್ಟು ಸಲ ಬಡಿಯುತ್ತಿತ್ತೋ, ಉಳಿದವರೂ ಚೆಂಡು ಬಂದಾಗ ಅಷ್ಟೇ ಹೊತ್ತು ಕಾಯುತ್ತಿದ್ದರು. ಅತ್ತೆ ಒಂದು ಸುತ್ತಿನಲ್ಲಿ ಚುರುಕಾಗಿದ್ದರೆ ಇವರೂ ಚುರುಕು, ಅತ್ತೆ ಮಂಕಾದರೆ ಇವರೂ ಮಂಕು. ಹಳದಿ ಬಂದು ಅತ್ತೆಗೆ ಊರಿನ ಹೆಸರು ತೋಚದೆ ಒದ್ದಾಡಿದರೆ, ಮುಂದಿನವರು ಕೂಡ "ಅಯ್ಯೋ, ಬಾಯಲ್ಲೇ ಇದೆ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಇವರಿಗೆಲ್ಲ ಗುಬ್ಬಿಯಿಂದ ಪಾವಗಡದವರೆಗೆ ಜಿಲ್ಲೆಯ ಊರುಗಳೆಲ್ಲ ಬಾಯಿಪಾಠ. ಲೋಹಿತ್ ಅಂತೂ ಪ್ರತಿಯೊಂದು ಊರಿನ ಬಸ್ ಸ್ಟಾಪಿನಲ್ಲೂ ಇಳಿದು ಚಹಾ ಕುಡಿದವರು.

ಆಟ ಮುಗಿದ ಮೇಲೆ ಅತ್ತೆ ಕೈತೊಳೆಯಲು ಹೋದರು. ನಾನು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟೆ.

"ಎಷ್ಟು ದಿನದಿಂದ ನಡೀತಿದೆ ಇದು? ನಿಮ್ಮ ಆಟದಿಂದ ನಾವು ನೀರು, ಗಾಳಿ, ಬಿಸ್ಕತ್ತು ಎಲ್ಲಾ ಪರೀಕ್ಷೆ ಮಾಡ್ಸಿದ್ವಿ! ಅತ್ತೆ ಹೀಗಾಗಿದಾರೆ ಅಂತ ನನಗೆ ಮೊದಲೇ ಹೇಳೋಕಾಗ್ತಿರ್ಲಿಲ್ವಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ?" ನಸೀಮಾ ಟೀಚರ್ ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. "ಶಿಲ್ಪಾನ ಕರ್ಕೊಂಡು ಹೋದ ಹಾಗೆ ಇವಳನ್ನೂ ಕರ್ಕೊಂಡು ಹೋಗ್ತಿದ್ದೆ. ಬಳಗ ಒಟ್ಟಿಗೆ ಬಿದ್ರೆ ಯಾರನ್ನೂ ಕಳಿಸಲ್ಲ ಅಂತ ನೀನೇ ತಾನೆ ಮೈಕಲ್ಲಿ ಹೇಳಿದ್ದು?"

ಸೊಂಟದ ಮೇಲಿನ ಕೈಯನ್ನು ಕೆಳಗಿಳಿಸಿದೆ. ಲೋಹಿತ್ ತಮ್ಮ ಟೋಪಿ ಸರಿಮಾಡಿಕೊಂಡರು.

"ನಿಮ್ಮ ಕಾಲದಲ್ಲಿ ಬೀದಿ ಆಟ ಇತ್ತೋ ಇಲ್ವೋ ಗೊತ್ತಿಲ್ಲಮ್ಮ. ನಮ್ಮ ಕಾಲದಲ್ಲಿ ಲಗೋರಿ ಆಡ್ತಿದ್ರೆ ಯಾರದೋ ತಂಗಿನೋ ತಮ್ಮನೋ ಅಳ್ತಾ ಬಂದು ನಿಂತ್ಕೊಳ್ಳೋದು. ಅದಕ್ಕೆ ಓಡೋಕ್ ಬರಲ್ಲ, ಗುರಿ ಹೊಡೆಯೋಕ್ ಬರಲ್ಲ. ಹಂಗಂತ ಮನೆಗೆ ಓಡಿಸ್ತಿದ್ವಾ? ಸುಮ್ನೆ ಆಡ್ಲಿ ಬಿಡಿ ಅಂತ ಸೇರಿಸ್ಕೊಳ್ತಿದ್ವಿ. ಅದಕ್ಕೆ ಔಟ್ ಇಲ್ಲ. ಅದಕ್ಕೆ ಅದು ಗೊತ್ತೂ ಆಗ್ತಿರ್ಲಿಲ್ಲ. ತಾನೂ ದೊಡ್ಡವರ ಸಮ ಆಡ್ತಿದೀನಿ ಅಂದ್ಕೊಂಡು ಕುಣೀತಿತ್ತು."

"ಚೈತ್ರಾಗೂ ಗೊತ್ತಿಲ್ಲ," ಎಂದರು ನಸೀಮಾ ಟೀಚರ್. "ನಾವೇ ಮುದುಕರಾದ್ವಿ ಅಂತ ಪಾಪ ನಮಗೋಸ್ಕರ ಮರುಗ್ತಾಳೆ. ಮರುಗಲಿ ಬಿಡು."

ಅಷ್ಟರಲ್ಲಿ ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. "ಏನು ಗುಸುಗುಸು? ನನ್ನ ಬಿಟ್ಟು ಏನ್ ತಿಂತಿದೀರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡು.

ಆ ಸಂಜೆ ಮನೆಯಲ್ಲಿ ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಮತ್ತೆ ಕಾಡು ಬೆಳೆಸಿದೀಯ. ಬಾ ಇಲ್ಲಿ." ದಾರದ ಉಂಡೆ ಎಲ್ಲಿದೆ ಎಂದು ನೆನಪಾಗದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿದರು. ನಾನೇ ತಂದುಕೊಟ್ಟೆ. ಆದರೆ ದಾರ ಹಲ್ಲಿಗೆ ಸಿಕ್ಕಿದ್ದೇ ತಡ, ಆ ಬೆರಳುಗಳಿಗೆ ಯಾವ ಮರೆವೂ ಇರಲಿಲ್ಲ. ಸರ್ ಸರ್ ಎಂದು ಹುಬ್ಬಿನ ಮೇಲೆ ಓಡಿದವು. ನನ್ನ ಕಣ್ಣಲ್ಲಿ ನೀರು ಬಂತು.

"ಇಷ್ಟು ದಿನ ಆದ್ರೂ ನೋವು ತಡಿಯೋಕ್ ಬರಲ್ಲ ನಿನಗೆ," ಎಂದು ಅತ್ತೆ ಹುಬ್ಬಿನ ಮೇಲೆ ಉಫ್ ಎಂದು ಊದಿದರು. ನೋವಿಗಲ್ಲ ಅತ್ತೆ ಎಂದು ನಾನು ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಧ್ರುವನಿಗೆ ಎಲ್ಲ ಹೇಳಿದ್ದೆ. ಅವನು ಒಣಗಿದ ಬಟ್ಟೆಗಳ ರಾಶಿ ಹೊತ್ತುಕೊಂಡು ಒಳಗೆ ಹೋದ.

ಸೋಮವಾರ ಬೆಳಗ್ಗೆ ನಿಶ್ಚಲ್ ಎದುರು ಕೂತು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಗಂಭೀರರಾದರು.

"ಮೋಸ ಮಾಡಿದಾರೆ ಅಂತಲೇ ಆಯ್ತಲ್ಲ."

"ಹೌದು ಸರ್. ಆದ್ರೆ ಆ ಏಳು ಜನ ಯಾಕೆ ಇಷ್ಟು ಚುರುಕಾದ್ರು? ದೀಪ ನೋಡಿ ಎಸೆಯೋದು ಸುಲಭ. ದೀಪ ನೋಡಿಯೂ ಕೈ ತಡೆದು, ಎದುರಿಗಿರೋರ ಮುಖ ಓದಿ, ಇವತ್ತು ಅವರು ಎಷ್ಟು ನಿಧಾನ ಅಂತ ಅಳೆದು, ಅದಕ್ಕೆ ಸರಿಯಾಗಿ ಎಸೆಯೋದಿದೆಯಲ್ಲ, ಅಷ್ಟು ಕಷ್ಟದ ಆಟ ನಾವು ಯಾವತ್ತೂ ಅವರಿಗೆ ಕೊಟ್ಟಿರಲಿಲ್ಲ. ಅವರೇ ಮಾಡ್ಕೊಂಡ್ರು."

"ಒಂದು ಬಳಗ ಪುರಾವೆ ಆಗಲ್ಲ ಇಂಚರಾ. ಮತ್ತೆ ನಿಮ್ಮ ಅತ್ತೆ ಇದರಿಂದ ಹುಷಾರಾಗಿಲ್ಲ."

"ಆಗೋದೂ ಇಲ್ಲ," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಒಂಟಿ ಕೋಣೆಗೆ ಹೋದ್ರೂ ಆಗಲ್ಲ. ಆದ್ರೆ ಇಲ್ಲಿ ಅವರು ದಿನಾ ನಗ್ತಾರೆ, ಗೆಳತಿಗೋಸ್ಕರ ಮರುಗ್ತಾರೆ, ತನ್ನನ್ನ ತಾನು ಎಲ್ಲರಿಗಿಂತ ಗಟ್ಟಿ ಅಂದ್ಕೊಂಡಿದಾರೆ. ಶಿಲ್ಪಾ ಅವರಿಂದ ನಾವು ಕಿತ್ಕೊಂಡಿದ್ದು ಅದನ್ನೇ ಸರ್."

ನಿಶ್ಚಲ್ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರ ತಾಯಿ ನಾಲ್ಕನೇ ಬಳಗದಲ್ಲಿ ಆಡುತ್ತಾರೆ. ಕೊನೆಗೆ, "ಮುಂದಿನ ಯುಗಾದಿವರೆಗೆ ಪ್ರಯೋಗ ಅಂತ ಮಾಡೋಣ," ಎಂದರು. "ಎಲ್ಲಾ ಬಳಗದಲ್ಲೂ. ನಿಯಮ ನೀವೇ ಬರೆಯಿರಿ."

ಬರೆದೆ. ಪ್ರತಿ ಬಳಗದಲ್ಲೂ ಕುಸಿಯುತ್ತಿರುವವರದು ಔಟಾಗದ ಕುರ್ಚಿ. ಅದರ ತಡವನ್ನು ವೈದ್ಯರಿಗಾಗಿ ಅಳೆಯುತ್ತೇವೆ, ಆದರೆ ಆ ಅಳತೆ ಯಾರನ್ನೂ ಆಟದಿಂದ ಏಳಿಸುವುದಿಲ್ಲ. ಯಾವ ಕುರ್ಚಿ ಅದು ಎಂದು ಅದರಲ್ಲಿ ಕೂತವರಿಗೆ ಹೇಳುವುದಿಲ್ಲ. ಉಳಿದವರಿಗೆ ಹೇಳಬೇಕಾಗಿಯೇ ಬರುವುದಿಲ್ಲ. ಆ ವ್ಯವಸ್ಥೆಗೆ ಒಂದು ಹೆಸರು ಕೊಡಿ ಎಂದು ಯಂತ್ರ ಕೇಳಿದಾಗ, 'ಸುಮ್ನೆ ಆಡ್ಲಿ ಬಿಡಿ' ಎಂದು ತುಂಬಿದೆ. ಶಿಲ್ಪಾ ಅವರ ಮನೆಗೂ ಹೋಗಿ ಕರೆದೆ. ಅವರು ಬಂದರು, ಈಗ ಐದನೇ ಬಳಗದಲ್ಲಿ ಕೂರುತ್ತಾರೆ. ಮಾತು ಇನ್ನೂ ಕಡಿಮೆಯೇ, ಆದರೆ ಚೆಂಡು ಬಂದರೆ ಹಿಡಿಯುತ್ತಾರೆ.

ಮಳೆಗಾಲ ಕಳೆದು ಚಳಿ ಬಂತು. ಅತ್ತೆ ಒಂದೊಂದೇ ಮೆಟ್ಟಿಲು ಇಳಿಯುತ್ತಲೇ ಇದ್ದರು. ಮೊದಲು ಬೀದಿಗಳ ಹೆಸರು ಹೋಯಿತು, ಆಮೇಲೆ ಗಂಡ ತೀರಿಹೋದದ್ದು ಮರೆತುಹೋಯಿತು. ನನ್ನ ಹೆಸರೂ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಹುಬ್ಬು ತಿದ್ದುವುದು ಮಾತ್ರ ತಪ್ಪಲಿಲ್ಲ. ಯಾರ ಹುಬ್ಬು ಎಂದು ಗೊತ್ತಿಲ್ಲದಿದ್ದರೂ ದಾರ ಕೈಗೆ ಕೊಟ್ಟರೆ ತಿದ್ದುತ್ತಿದ್ದರು. ಎಂಟನೇ ಬಳಗದ ಗೆರೆಗಳು ಅವರ ಜೊತೆಗೇ ಇಳಿಯುತ್ತಿದ್ದವು. ಈಗ ಮೋಸ ಮಾಡುವ ಅಗತ್ಯವಿರಲಿಲ್ಲ, ಆದರೂ ಯಾರೂ ಅವರನ್ನು ಬಿಟ್ಟು ಮುಂದೆ ಹೋಗಲಿಲ್ಲ. ಆ ಗಂಟೆಯ ಬಾಯನ್ನು ನಾನೇ ಕಟ್ಟಿಬಿಟ್ಟೆ.

ಸಂಕ್ರಾಂತಿಗೆ ಮುಂಚಿನ ಶನಿವಾರ ಬಳಗದಲ್ಲಿ ಮತ್ತೆ ಒಬ್ಬರು ಕಡಿಮೆ ಇದ್ದರು. ನಾನು ಹೋಗಿ ಅತ್ತೆಯ ಎದುರು ಕೂತೆ. ಅವರು ನನ್ನನ್ನು ತುಂಬ ಹೊತ್ತು ದಿಟ್ಟಿಸಿದರು. ಆ ನೋಟದಲ್ಲಿ ಪರಿಚಯದ ಕುರುಹೇ ಇರಲಿಲ್ಲ.

"ಹುಬ್ಬು ಯಾರಮ್ಮಾ ಮಾಡಿದ್ದು?" ಎಂದು ಕೇಳಿದರು. "ಒಳ್ಳೆ ಕೈ."

"ನಮ್ಮತ್ತೆ," ಎಂದೆ.

"ಅಂಥ ಅತ್ತೆ ಸಿಗೋಕ್ಕೆ ಪುಣ್ಯ ಮಾಡಿರಬೇಕು. ಅವರನ್ನೂ ಒಂದಿನ ಕರ್ಕೊಂಡು ಬಾ, ಆಡೋಣ." ಆಮೇಲೆ ಬಳಗದ ಕಡೆ ತಿರುಗಿ, ಈಗ ತಮ್ಮ ಪಕ್ಕದಲ್ಲೇ ಕೂರುವ ನಸೀಮಾ ಟೀಚರ್ ಅವರ ತೊಡೆ ತಟ್ಟಿ, ಗುಟ್ಟು ಹೇಳುವ ದನಿಯಲ್ಲಿ, ಆದರೆ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು: "ಹೊಸಬಳು, ಸಣ್ಣವಳು. ಇವಳಿಗೆ ಆಟ ಗೊತ್ತಿಲ್ಲ. ಔಟ್ ಮಾಡ್ಬೇಡಿ, ಸುಮ್ನೆ ಆಡ್ಲಿ ಬಿಡಿ."

"ಆಯ್ತು ಕಣೇ," ಎಂದರು ನಸೀಮಾ ಟೀಚರ್. ಲೋಹಿತ್ ತಮ್ಮ ಬೆರಳಿನಿಂದ ಮೆಲ್ಲಗೆ ತಟ್ಟತೊಡಗಿದರು.

ಚೆಂಡು ಸುತ್ತಿ ಸುತ್ತಿ ನನ್ನ ಕೈಗೆ ಬಂದು ಹಸಿರಾಯಿತು. ಎದುರಿಗೆ ಅತ್ತೆ ಎರಡೂ ಕೈ ಚಾಚಿಕೊಂಡು, ಅವಸರವಿಲ್ಲ ಎಂದು ತಲೆಯಾಡಿಸುತ್ತಾ, ನಾನು ಎಸೆಯಲೆಂದು ಕಾಯುತ್ತಾ ಕೂತಿದ್ದರು.